ದಾವಣಗೆರೆಯ ಬಿಸಿಲಿಗೆ ಒಗ್ಗಿದ ಎರಡಡಿಯ ಗಿಡದ ತೊಟ್ಟಿ: ನನ್ನ ಅನುಭವ

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಹದಿನೈದು ಇಂಚು ಎತ್ತರದ, ನೀರಿನ ಗಿಡ ಬೆಳೆಸಿ ಮೀನು ಸಾಕುವ ನನ್ನ ಅಕ್ವೇರಿಯಂ ತೊಟ್ಟಿಯಲ್ಲಿ ಈಗ ಎಂಟು ಚೆರ್ರಿ ಬಾರ್ಬ್, ಮೂರು ಹನಿ (ಅಂದರೆ ಜೇನು) ಗೌರಾಮಿ ಮತ್ತು ಐದು ಬ್ರಾಂಜ್ ಕೋರಿ (ತಳ ಕೆದಕುವ ಕೋರಿಡೋರಸ್) ಮೀನುಗಳಿವೆ. ಈ ಮೂರು ಜಾತಿಗಳಲ್ಲಿ ಕಳೆದ ಎರಡು ಬೇಸಿಗೆಗಳಲ್ಲಿ ಸತ್ತದ್ದು ಒಂದೇ ಒಂದು ಕೋರಿ, ಅದೂ ಕಲ್ಲು ಸರಿಸುವಾಗ ನನ್ನ ಕೈತಪ್ಪಿನಿಂದ. ನಾನು ಮೀನು ಕೊಳ್ಳುವ ಅಂಗಡಿಯವರು ಮೊದಲ ದಿನವೇ "ಈ ಊರಿನ ನೀರಿಗೂ ಬಿಸಿಲಿಗೂ ಗಪ್ಪಿ, ಮೋಲಿ ಬಿಟ್ಟು ಬೇರೇನೂ ನಿಲ್ಲಲ್ಲ ಸಾರ್, ಗಿಡದ ಆಸೆ ಬಿಡಿ" ಎಂದಿದ್ದರು. ಶಿವಮೊಗ್ಗದ ಗೆಳೆಯನೊಬ್ಬ, ತನ್ನ ತೊಟ್ಟಿಯ ಫೋಟೋ ಕಳಿಸಿದಾಗಲೆಲ್ಲ, ಇಂಥದ್ದು ದಾವಣಗೆರೆಯಲ್ಲಿ ಆಗದು ಎಂದು ಸೇರಿಸುವುದನ್ನು ಮರೆಯುತ್ತಿರಲಿಲ್ಲ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿತ್ತು ಎಂಬುದನ್ನು ತಿಳಿಯಲು ನನಗೆ ಎರಡೂವರೆ ವರ್ಷ ಹಿಡಿಯಿತು, ಮೀನಿಗೇ ಆರೇಳು ಸಾವಿರ ರೂಪಾಯಿ ಖರ್ಚಾಯಿತು.

ಒಂದು ಚಳಿಗಾಲದ ಹೊತ್ತಿಗೆ ತೊಟ್ಟಿ ಕೂರಿಸಿ, ಸೈಕ್ಲಿಂಗ್ (ಮೀನಿನ ಕೊಳೆಯನ್ನು ಅರಗಿಸುವ ಬ್ಯಾಕ್ಟೀರಿಯಾ ಬೆಳೆಯುವವರೆಗೆ ಕಾಯುವುದು) ಮುಗಿಸಿ, ಎಲ್ಲರಂತೆ ನಾನೂ ಇಪ್ಪತ್ತು ನಿಯಾನ್ ಟೆಟ್ರಾ ತಂದೆ. ಒಂದಕ್ಕೆ ಮೂವತ್ತೈದು ರೂಪಾಯಿಯಂತೆ ಏಳುನೂರು ಆಗಿತ್ತೆಂದು ನೆನಪು. ಡಿಸೆಂಬರ್, ಜನವರಿಯ ತಂಪಿನಲ್ಲಿ ಅವು ಎಷ್ಟು ಚೆನ್ನಾಗಿದ್ದವೆಂದರೆ, ನಾನು ಅಂಗಡಿಯವರಿಗೆ ಹೋಗಿ ಹೇಳಿಯೂ ಬಂದೆ. ಮಾರ್ಚ್ ಮುಗಿಯುವ ಹೊತ್ತಿಗೆ ದಿನಕ್ಕೊಂದು, ಏಪ್ರಿಲ್‌ನಲ್ಲಿ ದಿನಕ್ಕೆ ಎರಡು ಮೂರು ಸಾಯತೊಡಗಿದವು. ಬಸವ ಜಯಂತಿಯ ಹೊತ್ತಿಗೆ ತೊಟ್ಟಿಯಲ್ಲಿ ಗಿಡ ಮಾತ್ರ ಉಳಿದಿತ್ತು. ರೋಗವೆಂದು ತಿಳಿದು ಔಷಧಿಗೆ ನಾನೂರು ರೂಪಾಯಿ ಸುರಿದದ್ದು ಬೇರೆ. ಮಧ್ಯಾಹ್ನ ಮೂರು ಗಂಟೆಗೆ ಥರ್ಮಾಮೀಟರ್ ನೋಡುವ ಬುದ್ಧಿ ಆಗ ನನಗಿರಲಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ನಾನು ಕಚೇರಿಯಲ್ಲಿರುತ್ತಿದ್ದೆ. ನಿಯಾನ್‌ಗೆ ಹಿತವಾದದ್ದು 21ರಿಂದ 25 ಡಿಗ್ರಿ. ನನ್ನ ತೊಟ್ಟಿ ಮುಟ್ಟುತ್ತಿದ್ದದ್ದು 32, ಕೆಲವು ದಿನ 33.

ಆಮೇಲೆ ಗಟ್ಟಿ ಮೀನು ಬೇಕೆಂದು ಹಟ ಹಿಡಿದು ಆರು ಟೈಗರ್ ಬಾರ್ಬ್‌ಗಳನ್ನು ಗಂಡು ಗಪ್ಪಿಗಳ ಜೊತೆ ಬಿಟ್ಟೆ. ಮೂರನೆಯ ದಿನಕ್ಕೆ ಗಪ್ಪಿಗಳ ಬಾಲ ಇಲಿ ಕಚ್ಚಿದ ಬಟ್ಟೆಯಂತಾಗಿತ್ತು. ಗುಂಪು ದೊಡ್ಡದಾದರೆ ಟೈಗರ್ ಬಾರ್ಬ್‌ಗಳು ತಮ್ಮೊಳಗೇ ಕಚ್ಚಾಡಿಕೊಂಡು ಬೇರೆಯವನ್ನು ಬಿಡುತ್ತವೆ ಎಂಬ ಮಾತು ಕೇಳಿ ಹನ್ನೆರಡು ಮಾಡಿದೆ. ನಾಲ್ಕಡಿಯ ತೊಟ್ಟಿಯಲ್ಲಿ ಆ ಮಾತು ನಿಜವಿರಬಹುದು. ಎರಡಡಿಯಲ್ಲಿ ಓಡಿ ಅಡಗುವುದಕ್ಕೇ ಜಾಗವಿಲ್ಲದಿರುವಾಗ ಹನ್ನೆರಡು ಬಾಯಿಗಳು ಆರಕ್ಕಿಂತ ಹೆಚ್ಚೇ ಕಚ್ಚಿದವು. ಪಾಚಿ ತಿನ್ನಲೆಂದು ತಂದ ಚೈನೀಸ್ ಆಲ್ಗೆ ಈಟರ್ ಚಿಕ್ಕದಿದ್ದಾಗ ನಿಯತ್ತಿನಿಂದ ಕೆಲಸ ಮಾಡಿತು, ಹತ್ತು ತಿಂಗಳಿಗೆ ನಾಲ್ಕಿಂಚು ಬೆಳೆದು, ಗೌರಾಮಿಯ ಪಕ್ಕೆಗೆ ಅಂಟಿಕೊಂಡು ಲೋಳೆ ಹೀರತೊಡಗಿತು. ಆ ಗೌರಾಮಿ ನೂರಿಪ್ಪತ್ತು ರೂಪಾಯಿಯ ಡ್ವಾರ್ಫ್ ಗೌರಾಮಿ. ಅದರ ಜೊತೆಗೆ ಬಂದಿದ್ದ ಇನ್ನೊಂದು ಗಂಡನ್ನು ಈ ಗೌರಾಮಿಯೇ ಮೂಲೆಗೆ ಒತ್ತಿ ಉಪವಾಸ ಕೆಡವಿ ಕೊಂದಿತ್ತು, ಕೊನೆಗೆ ತಾನೂ ಮೈಮೇಲೆ ಹುಣ್ಣೆದ್ದು ಸತ್ತಿತು.

ಇಷ್ಟಾದ ಮೇಲೆ ಒಂದು ಇಡೀ ಬೇಸಿಗೆ ಮೀನು ಹಾಕದೆ ಬರೀ ಗಿಡ ಇಟ್ಟುಕೊಂಡು ನೀರನ್ನು ಬರೆದಿಟ್ಟೆ. ಮನೆಯವರು ನಕ್ಕರು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಹತ್ತಕ್ಕೆ ಉಷ್ಣತೆ, ಭಾನುವಾರಕ್ಕೊಮ್ಮೆ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಉಪ್ಪು, ಖನಿಜಗಳ ಅಳತೆ. ಮಧ್ಯಾಹ್ನದ ಓದನ್ನು ನನ್ನ ತಾಯಿ ಕ್ಯಾಲೆಂಡರಿನ ಮೇಲೆ ಗೀಚಿಡುತ್ತಿದ್ದರು. ನಮ್ಮ ಬೋರ್‌ವೆಲ್ ನೀರು ನನ್ನ ಮೀಟರಿನಲ್ಲಿ 900ರ ಸುತ್ತ ತೋರಿಸುತ್ತಿತ್ತು, ನಲ್ಲಿಯಲ್ಲಿ ಬರುವ ತುಂಗಭದ್ರೆಯ ನೀರು 200ರ ಆಸುಪಾಸು. ಎರಡೂ ಒಂದೇ ಮನೆಯ ನೀರು. ಒಂದರಲ್ಲಿ ಮೋಲಿ ಹಿಗ್ಗುತ್ತದೆ, ಇನ್ನೊಂದರಲ್ಲಿ ನಾನು ಬಯಸಿದ ಮೀನು ಬದುಕುತ್ತದೆ. ನಲ್ಲಿ ನೀರು ಬಂದ ದಿನ ಡ್ರಮ್ಮಿನಲ್ಲಿ ಹಿಡಿದು, ಎರಡು ದಿನ ಗಾಳಿ ಕೊಟ್ಟು ಕ್ಲೋರಿನ್ ಕಳೆದು, ಅದನ್ನೇ ವಾರಕ್ಕೆ ಹದಿನೈದು ಲೀಟರ್ ಬದಲಿಸುವುದೆಂದು ಅಲ್ಲಿಗೆ ತೀರ್ಮಾನಿಸಿದೆ.

ಬಿಸಿಲಿಗೆ ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಕೊಳ್ಳುವ ಶಕ್ತಿ ನನಗಿರಲಿಲ್ಲ. ಹಳೆಯ ಕಂಪ್ಯೂಟರಿನ ಎರಡು 12 ವೋಲ್ಟ್ ಫ್ಯಾನುಗಳನ್ನು ನೀರಿನ ಮೇಲ್ಮೈಗೆ ಓರೆಯಾಗಿ ಕಟ್ಟಿದೆ. ಅಡಾಪ್ಟರ್ ಸೇರಿ ಇನ್ನೂರೈವತ್ತು ರೂಪಾಯಿ ಆಗಿರಬೇಕು. ನಮ್ಮ ಬಯಲುಸೀಮೆಯ ಒಣ ಗಾಳಿಯಲ್ಲಿ ಈ ಉಪಾಯ ಕರಾವಳಿಯವರು ಕನಸಿನಲ್ಲೂ ಕಾಣದಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ: 32 ಇದ್ದದ್ದು 29ಕ್ಕೆ ನಿಂತಿತು. ಆದರೆ ದಿನಕ್ಕೆ ಒಂದು, ಒಂದೂವರೆ ಲೀಟರ್ ನೀರು ಆವಿಯಾಗುತ್ತಿತ್ತು, ಅದನ್ನು ನಾನು ಸೋಮಾರಿತನದಿಂದ ಬೋರ್‌ವೆಲ್ ನೀರಿನಲ್ಲಿ ತುಂಬುತ್ತಿದ್ದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಮೂರು ವಾರದಲ್ಲಿ ಟಿಡಿಎಸ್ 300ರಿಂದ 700 ದಾಟಿತು. ಮೀನು ಇದ್ದಿದ್ದರೆ ಅವನ್ನೂ ಬಿಸಿಲೇ ಕೊಂದಿತೆಂದು ನಾನು ನಂಬಿಬಿಡುತ್ತಿದ್ದೆ. ಈಗ ಇಳಿದ ಮಟ್ಟವನ್ನು ತುಂಬಲು ಅಡುಗೆಮನೆಯ ಆರ್‌ಒ ನೀರನ್ನು ಬಿಟ್ಟು ಬೇರೆ ನೀರು ಮುಟ್ಟುವುದಿಲ್ಲ.

ಅದೇ ಬೇಸಿಗೆಯಲ್ಲಿ ಮಾಡಿದ ಇನ್ನೊಂದು ಪ್ರಯೋಗವನ್ನೂ ಹೇಳಬೇಕು. ಪುಕ್ಕಟೆ ಸಿಗುತ್ತದೆಂದು ಹೊಲದ ಎರೆಮಣ್ಣನ್ನು ಒಂದು ಬಕೆಟಿನಲ್ಲಿ ತಳಕ್ಕೆ ಹಾಕಿ ಗಿಡ ನೆಟ್ಟೆ. ವ್ಯಾಲಿಸ್ನೇರಿಯಾ ಹುಚ್ಚೆದ್ದು ಬೆಳೆಯಿತು, ಆದರೆ ಮಣ್ಣಿನೊಳಗಿದ್ದ ಸುಣ್ಣದ ಹರಳುಗಳು ನೀರಿನ ಗಡಸುತನವನ್ನು ವಾರವಾರವೂ ಏರಿಸಿದವು, ಗಿಡ ಕಿತ್ತರೆ ಎರಡು ದಿನ ನೀರು ಕಾಫಿಯಂತಿರುತ್ತಿತ್ತು. ಅದನ್ನು ಬಿಟ್ಟು ಜರಡಿ ಹಿಡಿದ ಕೆಂಪು ಮಣ್ಣಿನ ತೆಳು ಪದರ, ಅದರ ಮೇಲೆ ಹರಿಹರದ ಕಡೆಯ ಹೊಳೆ ಮರಳು ಹಾಕಿದೆ. ಮರಳಿಗೆ ಮೊದಲು ವಿನೆಗರ್ ಸುರಿದು ನೋಡಿ. ಗುಳ್ಳೆ ಎದ್ದರೆ ಅದರಲ್ಲಿ ಕಪ್ಪೆಚಿಪ್ಪಿನ ಚೂರೋ ಸುಣ್ಣದ ಕಲ್ಲೋ ಇದೆ ಎಂದು ಅರ್ಥ. ಕೆಂಪು ಮಣ್ಣಿಗೆ ಏನು ಬೆರೆಸಿ ಉಂಡೆ ಕಟ್ಟುತ್ತೇನೆ ಎಂಬುದು ನನ್ನಲ್ಲೇ ಇರಲಿ, ಅಷ್ಟು ಸುಲಭವಾಗಿ ಬಂದದ್ದಲ್ಲ ಅದು.

ಮೀನಿನ ಆಯ್ಕೆಗೆ ಕೂತಾಗ ಕೈಯಲ್ಲಿ ಎರಡು ಅಂಕಿಗಳಿದ್ದವು: 29 ಡಿಗ್ರಿ, 300 ಟಿಡಿಎಸ್. ಇವೆರಡನ್ನೂ ತಡೆಯದ ಮೀನನ್ನು ಅದೆಷ್ಟೇ ಚೆಂದವಿದ್ದರೂ ಪಟ್ಟಿಯಿಂದ ಹೊಡೆದುಹಾಕಿದೆ. ಕಾರ್ಡಿನಲ್ ಟೆಟ್ರಾ ಬಿಸಿ ತಡೆಯುತ್ತದೆಂದು ಶಿವಮೊಗ್ಗದ ಗೆಳೆಯ ಒತ್ತಾಯಿಸಿದ. ನಿಜ, ಆದರೆ ಅದಕ್ಕೆ ಇನ್ನೂ ಮೃದುವಾದ ನೀರು ಬೇಕು, ಬೆಲೆಯೂ ಹೆಚ್ಚು. ಉಳಿದವುಗಳಲ್ಲಿ, ಒಂದರ ಬಾಯಿಗೆ ಇನ್ನೊಂದು ಪೂರ್ತಿ ಬೆಳೆಯುವ ಮುನ್ನವೂ ಹಿಡಿಸಬಾರದು ಎಂದು ನೋಡಿದೆ. ಏಂಜೆಲ್ ಮೀನು ಅಲ್ಲಿಗೆ ಪಟ್ಟಿಯಿಂದ ಹೋಯಿತು. ಆಮೇಲೆ ಯಾವುದು ನೀರಿನ ಯಾವ ಪದರದಲ್ಲಿ ದಿನ ಕಳೆಯುತ್ತದೆ ಎಂಬ ಲೆಕ್ಕ. ನಡುವಿಗೆ ಶ್ರೀಲಂಕಾದ ನೆರಳಿನ ತೊರೆಗಳಿಂದ ಬಂದ ಚೆರ್ರಿ ಬಾರ್ಬ್, ಮೂರು ಗಂಡು ಐದು ಹೆಣ್ಣು. ಬಾರ್ಬ್ ಎಂಬ ಹೆಸರು ಕೇಳಿಯೇ ಅಂಗಡಿಯವರು "ಮತ್ತೆ ಅದೇ ತಪ್ಪಾ ಸಾರ್" ಎಂದರು. ಆದರೆ ಇದು ಟೈಗರ್‌ನ ಹೆಸರು ಹಂಚಿಕೊಂಡಿದೆಯೇ ಹೊರತು ಗುಣವನ್ನಲ್ಲ. ಗಂಡುಗಳು ಪರಸ್ಪರ ರೆಕ್ಕೆ ಬಿಚ್ಚಿ ಕೆಂಪೇರುತ್ತವೆ, ಕಚ್ಚುವುದನ್ನು ನಾನು ಕಂಡಿಲ್ಲ. ಮೇಲಿನ ಪದರಕ್ಕೆ ಹನಿ ಗೌರಾಮಿ, ಒಂದು ಗಂಡು ಎರಡು ಹೆಣ್ಣು. ಈಶಾನ್ಯ ಭಾರತ ಮತ್ತು ಬಾಂಗ್ಲಾದೇಶದ ಈ ಮೀನು ಡ್ವಾರ್ಫ್ ಗೌರಾಮಿಗಿಂತ ಎಷ್ಟೋ ಸಾಧು. ಅಂಗಡಿಯಲ್ಲಿ ಬಣ್ಣಗೆಟ್ಟು ನಿಂತಿರುವುದರಿಂದ ಯಾರೂ ಕೊಳ್ಳುವುದಿಲ್ಲ, ನನಗೆ ಮೂರೂ ನೂರೈವತ್ತಕ್ಕೆ ಸಿಕ್ಕವು. ತಿಂಗಳೊಳಗೆ ಗಂಡಿನ ಗಂಟಲು ಕಡುನೀಲಿಗೆ ತಿರುಗಿ, ತೇಲುವ ಗಿಡಗಳ ನಡುವೆ ನೊರೆಗೂಡು ಕಟ್ಟಿತು. ತಳಕ್ಕೆ ಕೋರಿ, ಅದಕ್ಕೇ ಮರಳು. ಚೂಪು ಜಲ್ಲಿಯಲ್ಲಿ ಕೆದಕಿದರೆ ಅವುಗಳ ಮೀಸೆ ಸವೆದುಹೋಗುತ್ತದೆ.

ತೊಟ್ಟಿಗೆ ಮೀನು ಬಿಡುವ ಕ್ರಮವೂ ಮುಖ್ಯ. ಇಪ್ಪತ್ತು ಲೀಟರಿನ ಟಬ್ಬಿನಲ್ಲಿ ಮೂರು ವಾರ ಬೇರೆಯಿಟ್ಟು, ಮೊದಲು ಕೋರಿ, ತಿಂಗಳ ಮೇಲೆ ಬಾರ್ಬ್, ಜಾಗಕ್ಕೆ ಜಗಳವಾಡಬಲ್ಲ ಗೌರಾಮಿ ಎಲ್ಲಕ್ಕಿಂತ ಕೊನೆಗೆ. ಗೌರಾಮಿ ಬಿಡುವ ದಿನ ನಾನು ಮಾಡುವ ಒಂದು ಸಣ್ಣ ಕೆಲಸವಿದೆ, ಅದನ್ನು ಬೇಕಾದವರು ಮನೆಗೆ ಬಂದು ನೋಡಲಿ.

ಸುಮ್ಮನಿರಲಾರದೆ, ಗದ್ದೆ ಕಾಲುವೆಯಿಂದ ತಲೆಯ ಮೇಲೆ ಬೆಳ್ಳಿ ಚುಕ್ಕೆಯಿರುವ ನಾಲ್ಕು ಪಂಚಾಕ್ಸ್ ಮೀನು ತಂದೂ ನೋಡಿದೆ. ಬಿಸಿಲು, ಗಡಸು ನೀರು ಯಾವುದಕ್ಕೂ ಜಗ್ಗದ ನಮ್ಮೂರಿನ ಮೀನು. ಆದರೆ ಚೆರ್ರಿ ಸೀಗಡಿಯ ಮರಿಗಳನ್ನೆಲ್ಲ ತಿಂದು ಮುಗಿಸಿತು, ಎರಡು ಮೀನು ರಾತ್ರಿ ಹೊತ್ತು ಹಾರಿ ನೆಲದ ಮೇಲೆ ಒಣಗಿದವು. ಉಳಿದೆರಡನ್ನು ಮಹಡಿಯ ತಾವರೆ ತೊಟ್ಟಿಗೆ ಬಿಟ್ಟೆ, ಅಲ್ಲಿ ಸೊಳ್ಳೆ ಮರಿಗಳಿಗೆ ಯಮನಾಗಿವೆ.

ಸಕ್ಕರೆ, ಯೀಸ್ಟಿನ ಬಾಟಲಿಯಿಂದ ಗಿಡಕ್ಕೆ ಸಿಒಟು (ಇಂಗಾಲದ ಡೈಆಕ್ಸೈಡ್) ಕೊಡುವವರಿಗೆ ಒಂದು ಮಾತು. ಆ ಬಾಟಲಿ ರಾತ್ರಿಯೂ ನಿಲ್ಲುವುದಿಲ್ಲ, ಗಿಡಗಳೂ ರಾತ್ರಿ ಆಮ್ಲಜನಕವನ್ನು ಎಳೆಯುತ್ತವೆ, ಬೆಳಗಿನ ಜಾವ ಐದಕ್ಕೆ ನೀರು ಅತ್ಯಂತ ಬಡವಾಗಿರುತ್ತದೆ. ಗೌರಾಮಿ ಮೇಲಿನ ಗಾಳಿಯನ್ನೇ ಉಸಿರಾಡಬಲ್ಲದು, ಕೋರಿಯೂ ಆಗಾಗ ಮೇಲೆ ಬಂದು ಗಾಳಿ ನುಂಗುತ್ತದೆ, ಆದ್ದರಿಂದ ಇವೆರಡನ್ನು ನೋಡಿ ಏನೂ ತಿಳಿಯದು. ನೋಡಬೇಕಾದದ್ದು ಬಾರ್ಬ್, ಅದು ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದರೆ ಬಾಟಲಿ ಕಿತ್ತು ಏರ್ ಪಂಪ್ ಹಾಕಿ. ನಾನು ಈಗ ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಟೈಮರಿನಲ್ಲಿ ಪಂಪ್ ಓಡಿಸುತ್ತೇನೆ.

ಕಳೆದ ದೀಪಾವಳಿಯ ಹೊತ್ತಿಗೆ ಜಾವಾ ಮಾಸ್ ಎಂಬ ಹಾವಸೆ ಗಿಡದ ಗುಪ್ಪೆಯಲ್ಲಿ ತಾಯಿಯ ಬಾಯಿಂದ ತಪ್ಪಿಸಿಕೊಂಡ ಚೆರ್ರಿ ಬಾರ್ಬ್ ಮರಿಗಳು ಹದಿನಾಲ್ಕಿದ್ದವು. ಅರ್ಧ ಇಂಚು ದಾಟಿದ ಮೇಲೆ ಅವನ್ನು ಅದೇ ಅಂಗಡಿಗೆ ಒಯ್ದೆ. ಅಂಗಡಿಯವರು ಕವರನ್ನು ಬೆಳಕಿಗೆ ಹಿಡಿದು ಎರಡು ಸಲ ಎಣಿಸಿ, ಒಂದಕ್ಕೆ ಹನ್ನೆರಡರಂತೆ ಕೊಟ್ಟು, ಇನ್ನೂ ಇದ್ದರೆ ತನ್ನಿ ಎಂದರು. ಗಿಡದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.