ಹಳೆಯ ಮ್ಯಾಕಿಂಟಾಷ್ ಜತೆ ಲಿನಕ್ಸ್ ಸಂಪರ್ಕ: ಕರ್ನೆಲ್‌ನಲ್ಲಿ ಆಪಲ್‌ಟಾಕ್ ಸಜ್ಜುಗೊಳಿಸುವ ಕ್ರಮ

ಅಟ್ಟದಿಂದ ಇಳಿಸಿ ಧೂಳು ಕೊಡವಿದ 1995ರ ಪವರ್ ಮ್ಯಾಕಿಂಟಾಷ್ 7200 ಕಂಪ್ಯೂಟರು ಇನ್ನೂ ಚಾಲೂ ಆಗುತ್ತದೆ ಎಂದುಕೊಳ್ಳೋಣ. ಅದರೊಳಗಿರುವ ಫೈಲ್‌ಗಳನ್ನು ಇಂದಿನ ಕಂಪ್ಯೂಟರಿಗೆ ತರುವುದು ಹೇಗೆ? ಅದರಲ್ಲಿ ಯುಎಸ್‌ಬಿ ಕಿಂಡಿ ಇಲ್ಲ, ನಮ್ಮಲ್ಲಿ ಫ್ಲಾಪಿ ಡ್ರೈವ್ ಇಲ್ಲ. ಆದರೆ ಅದರ ಬೆನ್ನಿನಲ್ಲಿ ಈಥರ್‌ನೆಟ್ ಕಿಂಡಿಯೊಂದಿದೆ, ಅದಕ್ಕೆ ಇಂದಿನ ಸಾಮಾನ್ಯ ಕೇಬಲ್ಲೇ ಸಾಕು. ತೊಡಕಿರುವುದು ತಂತಿಯಲ್ಲಲ್ಲ, ಪ್ರೋಟೊಕಾಲ್‌ನಲ್ಲಿ, ಅಂದರೆ ಕಂಪ್ಯೂಟರುಗಳು ಪರಸ್ಪರ ಮಾತಾಡಲು ಬಳಸುವ ನಿಯಮಗಳಲ್ಲಿ. ಆ ಕಾಲದ ಮ್ಯಾಕಿಂಟಾಷ್‌ಗಳ ಸಹಜ ಪ್ರೋಟೊಕಾಲ್ ಆಪಲ್‌ಟಾಕ್. 1985ರಲ್ಲಿ ಆಪಲ್ ಹೊರತಂದ ಇದನ್ನು ಆಪಲ್ ಸಂಸ್ಥೆಯೇ ಮ್ಯಾಕ್ ಒಎಸ್‌ನ 2009ರ ಸ್ನೋ ಲೆಪರ್ಡ್ ಆವೃತ್ತಿಯಲ್ಲಿ ಕೈಬಿಟ್ಟಿತು. ಆದ್ದರಿಂದ ಹಳೆಯ ಮ್ಯಾಕ್‌ನೊಂದಿಗೆ ಈ ಪ್ರೋಟೊಕಾಲ್‌ನಲ್ಲಿ ವ್ಯವಹರಿಸಲು ಹೊಸ ಮ್ಯಾಕ್‌ಗಿಂತ ಲಿನಕ್ಸ್ ಹೆಚ್ಚು ನೆರವಾಗುತ್ತದೆ.

ಇಲ್ಲಿ ಕೊಟ್ಟಿರುವ ಕಮಾಂಡ್‌ಗಳನ್ನು ಓದಿನ ಅನುಕೂಲಕ್ಕಾಗಿ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಕರ್ನೆಲ್‌ನ ಪಾಲು ಎಷ್ಟು?

ಕೆಲಸಕ್ಕೆ ಇಳಿಯುವ ಮೊದಲು ಯಾರ ಹೊಣೆ ಯಾವುದು ಎಂಬುದು ತಿಳಿದಿರಬೇಕು. ಆಪಲ್‌ಟಾಕ್‌ನ ತಳದಲ್ಲಿ, ಪ್ಯಾಕೆಟ್‌ಗಳೆಂಬ ದತ್ತಾಂಶದ ತುಣುಕುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಡಿಡಿಪಿ ಎಂಬ ಪ್ರೋಟೊಕಾಲ್ ಮತ್ತು ಆಪಲ್‌ಟಾಕ್ ವಿಳಾಸವನ್ನು ಈಥರ್‌ನೆಟ್ ವಿಳಾಸಕ್ಕೆ ಹೊಂದಿಸುವ ಎಎಆರ್‌ಪಿ ಎಂಬ ಇನ್ನೊಂದು ಪ್ರೋಟೊಕಾಲ್ ಇವೆ. ಲಿನಕ್ಸ್‌ನ ತಿರುಳಾದ ಕರ್ನೆಲ್ ನೋಡಿಕೊಳ್ಳುವುದು ಇವೆರಡನ್ನು ಮಾತ್ರ. ಕಂಪ್ಯೂಟರುಗಳ ಹೆಸರು ಹುಡುಕುವುದು, ವಲಯಗಳನ್ನು ಗುರುತಿಸುವುದು, ಫೈಲ್ ಹಂಚುವುದು ಇವೆಲ್ಲ ನೆಟಾಟಾಕ್ ಎಂಬ ತಂತ್ರಾಂಶದ ಪಾಲಿಗೆ ಬರುತ್ತವೆ. ಈ ಗೆರೆ ಮನಸ್ಸಿನಲ್ಲಿ ಸ್ಪಷ್ಟವಾಗಿರದಿದ್ದರೆ, ಸಂರಚನೆಯ ಫೈಲ್‌ನಲ್ಲಿ ಒಂದು ಸಾಲು ತಪ್ಪಿದ್ದಕ್ಕೆ ಇಡೀ ಕರ್ನೆಲನ್ನೇ ಮತ್ತೆ ಕಂಪೈಲ್ ಮಾಡುತ್ತ, ಅಂದರೆ ಮೂಲಕೋಡಿನಿಂದ ಕಟ್ಟುತ್ತ, ಕೂರಬೇಕಾಗುತ್ತದೆ. ಹಾಗೆ ಒಂದು ಭಾನುವಾರವನ್ನು ಪೂರ್ತಿ ಕಳೆದುಕೊಂಡವರಲ್ಲಿ ಈ ಲೇಖಕನೂ ಒಬ್ಬ.

ಆವೃತ್ತಿ ನೋಡಿಕೊಳ್ಳಿ

ಹಳೆಯ ಪ್ರೋಟೊಕಾಲ್‌ಗಳನ್ನು ಕರ್ನೆಲ್ ಎಂದೆಂದಿಗೂ ಹೊತ್ತು ತಿರುಗುವುದಿಲ್ಲ. ನಾವೆಲ್ ನೆಟ್‌ವೇರ್ ಬಳಸುತ್ತಿದ್ದ ಐಪಿಎಕ್ಸ್ 2018ರಲ್ಲಿ, 4.18ನೇ ಆವೃತ್ತಿಯಲ್ಲಿ ಹೊರಬಿತ್ತು. ಡೆಕ್‌ನೆಟ್ 2022ರ 6.1ರಲ್ಲಿ ಹೋಯಿತು. ಆಪಲ್‌ಟಾಕ್‌ನ ತಿರುಳು ಅದಾದ ಮೇಲೂ ಉಳಿಯಿತಾದರೂ, ಆಪಲ್‌ನ ಹಳೆಯ ನಿಧಾನಗತಿಯ ತಂತಿಜಾಲವಾದ ಲೋಕಲ್‌ಟಾಕ್‌ನ ಕಾರ್ಡ್‌ಗಳ ಡ್ರೈವರ್‌ಗಳನ್ನು 6.7ನೇ ಆವೃತ್ತಿಯ ಹೊತ್ತಿಗೆ ತೆಗೆದುಹಾಕಲಾಗಿತ್ತು. ಸೆಕೆಂಡಿಗೆ 230.4 ಕಿಲೋಬಿಟ್ ವೇಗದ ಲೋಕಲ್‌ಟಾಕ್ ಕಿಂಡಿ ಮಾತ್ರ ಇರುವ ಮ್ಯಾಕಿಂಟಾಷ್ ಪ್ಲಸ್‌ನಂಥ ಯಂತ್ರ ನಿಮ್ಮಲ್ಲಿದ್ದರೆ ಅದಕ್ಕೂ ಈಥರ್‌ನೆಟ್‌ಗೂ ನಡುವೆ ಆಸಾಂತೆಟಾಕ್‌ನಂಥ ಸೇತುವೆ ಪೆಟ್ಟಿಗೆಯೊಂದು ಬೇಕು. ಹೊಸದಾಗಿ ಆರಂಭಿಸುವವರು ದೀರ್ಘಾವಧಿ ಬೆಂಬಲದ 6.12ನೇ ಸರಣಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಕಂಪೈಲ್ ಮಾಡುವ ಮೊದಲು ಹುಡುಕಿ

ಬೂಟ್ ಫೋಲ್ಡರ್‌ನಲ್ಲಿ ಕಾನ್ಫಿಗ್ ಎಂಬ ಪದದಿಂದ ಆರಂಭವಾಗಿ ನಿಮ್ಮ ಕರ್ನೆಲ್ ಆವೃತ್ತಿಯ ಸಂಖ್ಯೆಯೊಂದಿಗೆ ಮುಗಿಯುವ ಫೈಲ್ ಇರುತ್ತದೆ. ಅದರಲ್ಲಿ 'ಅಟಾಕ್' ಎಂದು ಗ್ರೆಪ್ ಮೂಲಕ ಹುಡುಕಿ. ಇಲ್ಲಿ ಮಾತ್ರ ಅಕ್ಷರಗಳು ದೊಡ್ಡವು, ಎ ಆದ ಮೇಲೆ ಟಿ, ಎ, ಎಲ್, ಕೆ. ಸಿಕ್ಕ ಸಾಲಿನ ಕೊನೆಯಲ್ಲಿ 'ಎಂ' ಇದ್ದರೆ ಆಪಲ್‌ಟಾಕ್ ಮಾಡ್ಯೂಲ್ ಆಗಿ, ಅಂದರೆ ಬೇಕಾದಾಗ ಕರ್ನೆಲ್‌ಗೆ ಸೇರಿಸಬಹುದಾದ ತುಣುಕಾಗಿ, ಈಗಾಗಲೇ ಸಿದ್ಧವಿದೆ ಎಂದರ್ಥ. ಹಾಗಿದ್ದರೆ ಕಂಪೈಲ್ ಮಾಡುವ ಗೋಜಿಗೇ ಹೋಗಬೇಡಿ, 'ಸುಡೊ ಮೋಡ್‌ಪ್ರೋಬ್ ಆಪಲ್‌ಟಾಕ್' ಎಂದು ಕೊಟ್ಟರೆ ಸಾಕು. ಉಬುಂಟುವಿನಲ್ಲಿ ಮಾಡ್ಯೂಲ್ ಸಿಗದಿದ್ದರೆ ಹೆಚ್ಚುವರಿ ಮಾಡ್ಯೂಲ್‌ಗಳ ಪ್ಯಾಕೇಜನ್ನು ಹಾಕಿಕೊಂಡು ಮತ್ತೊಮ್ಮೆ ನೋಡಿ.

ಉಬುಂಟುವಿನಲ್ಲಿ ಇನ್ನೊಂದು ಬಲೆಯೂ ಇದೆ. ಯಾವುದಾದರೂ ಪ್ರೋಗ್ರಾಂ ಆಪಲ್‌ಟಾಕ್ ಸಾಕೆಟ್ (ಜಾಲದೊಂದಿಗೆ ಮಾತಾಡುವ ಕೊಂಡಿ) ಕೇಳಿದಾಗ ಸಂಬಂಧಪಟ್ಟ ಮಾಡ್ಯೂಲನ್ನು ಕರ್ನೆಲ್ ತಾನಾಗಿಯೇ ಕರೆತರಬೇಕು. ಆದರೆ ಅಪರೂಪದ ನೆಟ್‌ವರ್ಕ್ ಪ್ರೋಟೊಕಾಲ್‌ಗಳ ತಡೆಪಟ್ಟಿಯೊಂದು ಅಲ್ಲಿ ಮೋಡ್‌ಪ್ರೋಬ್‌ನ ಸಂರಚನಾ ಫೋಲ್ಡರ್‌ನಲ್ಲಿದ್ದು, ಐದನೇ ಸಂಖ್ಯೆಯ ಪ್ರೋಟೊಕಾಲ್ ಕುಟುಂಬವಾದ ಆಪಲ್‌ಟಾಕ್ ಅದರಲ್ಲಿ ಸೇರಿದ್ದರೆ ಈ ಬಾಗಿಲು ಮುಚ್ಚಿರುತ್ತದೆ. ಇದು ವಿನಾಕಾರಣ ಅಲ್ಲ. ವಿಶೇಷ ಅಧಿಕಾರವಿಲ್ಲದ ಬಳಕೆದಾರನೂ ಆಪಲ್‌ಟಾಕ್‌ನಲ್ಲಿ ಪ್ಯಾಕೆಟ್‌ಗಳನ್ನು ನೇರವಾಗಿ ನಿಭಾಯಿಸುವ ರಾ ಸಾಕೆಟ್ ತೆರೆಯಬಹುದಾಗಿದ್ದ ದೋಷವೊಂದು 2019ರಲ್ಲಿ ಬೆಳಕಿಗೆ ಬಂದು ಸರಿಪಡಿಸಲ್ಪಟ್ಟಿತು. ಯಾರೂ ನೋಡದ ಕೋಡ್‌ನಲ್ಲಿ ಇಂಥವು ಅಡಗಿರುತ್ತವೆ. ಆದ್ದರಿಂದ ಆ ಪಟ್ಟಿಯನ್ನು ಅಳಿಸಬೇಡಿ. ಹೆಸರು ಹೇಳಿ ಮೋಡ್‌ಪ್ರೋಬ್ ಮಾಡಿದರೆ ಈ ತಡೆ ಅಡ್ಡಬರುವುದಿಲ್ಲ.

ಮಾಡ್ಯೂಲ್ ಇಲ್ಲವಾದರೆ

ಕರ್ನೆಲ್ ಡಾಟ್ ಆರ್ಗ್‌ನಿಂದ ಮೂಲಕೋಡ್ ಇಳಿಸಿಕೊಂಡು ಬಿಚ್ಚಿ, ಕಂಪೈಲರ್ ಜತೆಗೆ ಬೈಸನ್, ಫ್ಲೆಕ್ಸ್ ಮತ್ತು ಎನ್‌ಕರ್ಸಸ್, ಓಪನ್‌ಎಸ್‌ಎಸ್‌ಎಲ್, ಎಲ್ಫ್ ಲೈಬ್ರರಿಗಳ ಅಭಿವೃದ್ಧಿ ಪ್ಯಾಕೇಜುಗಳನ್ನು ಹಾಕಿಕೊಳ್ಳಿ. ಬಳಿಕ ಬೂಟ್ ಫೋಲ್ಡರ್‌ನಲ್ಲಿರುವ ಸಂರಚನೆಯ ಫೈಲನ್ನು ಮೂಲಕೋಡಿನ ಫೋಲ್ಡರಿಗೆ 'ಡಾಟ್ ಕಾನ್ಫಿಗ್' ಎಂಬ ಹೆಸರಿನಲ್ಲಿ ನಕಲು ಮಾಡಿ, 'ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್' ಓಡಿಸಿ. ಹೀಗೆ ಮಾಡಿದರೆ ಈಗ ಕೆಲಸ ಮಾಡುತ್ತಿರುವ ಡಿಸ್ಕ್, ಗ್ರಾಫಿಕ್ಸ್ ಮೊದಲಾದವುಗಳ ಆಯ್ಕೆಗಳೆಲ್ಲ ಹಾಗೆಯೇ ಉಳಿದು, ಹೊಸ ಆಯ್ಕೆಗಳಿಗೆ ಮಾತ್ರ ಪೂರ್ವನಿಗದಿತ ಉತ್ತರ ಬೀಳುತ್ತದೆ. ಖಾಲಿ ಹಾಳೆಯಿಂದ ಆರಂಭಿಸುವ ಸಾಹಸ ಬೇಡ.

ಮುಂದೆ 'ಮೇಕ್ ಮೆನುಕಾನ್ಫಿಗ್'. ತೆರೆಯುವ ನೀಲಿ ಪರದೆಯಲ್ಲಿ ಮೊದಲು ನೆಟ್‌ವರ್ಕಿಂಗ್ ಸಪೋರ್ಟ್, ಅದರೊಳಗೆ ನೆಟ್‌ವರ್ಕಿಂಗ್ ಆಪ್ಷನ್ಸ್, ಅದರೊಳಗೆ ಆಪಲ್‌ಟಾಕ್ ಪ್ರೋಟೊಕಾಲ್ ಸಪೋರ್ಟ್ ಎಂಬ ಸಾಲಿಗೆ ಹೋಗಿ. ಅಲ್ಲಿ 'ಎಂ' ಒತ್ತಿ, 'ವೈ' ಒತ್ತಬೇಡಿ. ವೈ ಒತ್ತಿದರೆ ಆಪಲ್‌ಟಾಕ್ ಕರ್ನೆಲ್‌ನ ಹೊಟ್ಟೆಯೊಳಗೇ ಸೇರಿಕೊಂಡು ಸದಾ ಎಚ್ಚರವಾಗಿರುತ್ತದೆ. ವರ್ಷಕ್ಕೆ ನಾಲ್ಕು ದಿನ ಬೇಕಾಗುವ ಹಳೆಯ ಕೋಡನ್ನು ಬೇಕಾದಾಗ ಕರೆದು, ಕೆಲಸ ಮುಗಿದ ಮೇಲೆ ಕಳುಹಿಸುವಂತೆ ಇಟ್ಟುಕೊಳ್ಳುವುದೇ ಲೇಸು. ಇದಕ್ಕೆ ಬೇಕಾದ ಎಲ್‌ಎಲ್‌ಸಿ ಎಂಬ ಆಯ್ಕೆಯನ್ನು ಮೆನುವೇ ಸೇರಿಸಿಕೊಳ್ಳುತ್ತದೆ.

ಡೆಬಿಯನ್ ಅಥವಾ ಉಬುಂಟುವಿನ ಸಂರಚನೆಯನ್ನು ನಕಲು ಮಾಡಿಕೊಂಡವರಿಗೆ, ಪ್ರಮಾಣಪತ್ರದ ಫೈಲ್ ಸಿಗಲಿಲ್ಲ ಎಂಬ ದೂರಿನೊಂದಿಗೆ ಕಂಪೈಲ್ ನಡುದಾರಿಯಲ್ಲಿ ನಿಲ್ಲುವ ಅನುಭವ ಆಗಬಹುದು. ವಿತರಕರು ತಮ್ಮ ಸಹಿಗಾಗಿ ಇಟ್ಟಿದ್ದ ಫೈಲಿನ ದಾರಿ ಅಲ್ಲಿ ಉಳಿದಿರುವುದೇ ಇದಕ್ಕೆ ಕಾರಣ. ಮೆನುವಿನಲ್ಲಿ ವಿಶ್ವಾಸಾರ್ಹ ಕೀಲಿಗಳ ಆ ಸಾಲನ್ನು ಖಾಲಿ ಬಿಟ್ಟು ಮತ್ತೆ ಆರಂಭಿಸಿ. ಡೆಬಿಯನ್ ಬಳಗದವರು 'ಮೇಕ್ ಬಿನ್‌ಡೆಬ್-ಪಿಕೆಜಿ' ಎಂದು ಕೊಟ್ಟರೆ ಅನುಸ್ಥಾಪಿಸಲು ತಯಾರಾದ ಪ್ಯಾಕೇಜುಗಳೇ ಕೈಗೆ ಬರುತ್ತವೆ. ಉಳಿದವರು ಮೇಕ್, ಮಾಡ್ಯೂಲ್ಸ್ ಇನ್‌ಸ್ಟಾಲ್, ಇನ್‌ಸ್ಟಾಲ್ ಎಂಬ ಕ್ರಮವನ್ನೇ ಅನುಸರಿಸಬೇಕು. ಸೆಕ್ಯೂರ್ ಬೂಟ್ ಚಾಲನೆಯಲ್ಲಿದ್ದರೆ ನೀವೇ ಸಹಿ ಮಾಡದ ಹೊರತು ಹೊಸ ಕರ್ನೆಲ್ ಏಳುವುದಿಲ್ಲ. ಹಳೆಯ ಕರ್ನೆಲನ್ನು ಮಾತ್ರ ಅಳಿಸಬೇಡಿ.

ಕರ್ನೆಲ್ ಒಪ್ಪಿದೆಯೇ?

ಮಾಡ್ಯೂಲ್ ಬಂದಿದ್ದರೆ ಪ್ರೋಕ್ ಫೋಲ್ಡರ್‌ನ ನೆಟ್ ವಿಭಾಗದಲ್ಲಿ 'ಅಟಾಕ್' ಎಂಬ ಉಪಫೋಲ್ಡರ್ ಕಾಣಿಸಿಕೊಂಡು, ಅದರಲ್ಲಿ ಇಂಟರ್‌ಫೇಸ್, ರೂಟ್, ಸಾಕೆಟ್, ಎಆರ್‌ಪಿ ಎಂಬ ಫೈಲ್‌ಗಳು ಇರುತ್ತವೆ. ಇಂಟರ್‌ಫೇಸ್ ಫೈಲ್ ಈಗ ಖಾಲಿಯಿದ್ದರೆ ಗಾಬರಿಯಾಗಬೇಕಿಲ್ಲ. ಅದನ್ನು ತುಂಬುವುದು ನೆಟಾಟಾಕ್‌ನ ಅಟಾಕ್‌ಡಿ ಎಂಬ ಹಿನ್ನೆಲೆ ಪ್ರೋಗ್ರಾಂ. ನೆಟಾಟಾಕ್‌ನ 3ನೇ ಆವೃತ್ತಿ ಆಪಲ್‌ಟಾಕ್ ಬೆಂಬಲವನ್ನು ಕಿತ್ತುಹಾಕಿತ್ತು, 2024ರ 4ನೇ ಆವೃತ್ತಿ ಅದನ್ನು ಮರಳಿ ತಂದಿತು. ಆದ್ದರಿಂದ 2 ಅಥವಾ 4 ಇರಲಿ, 3 ಬೇಡ.

ಅಟಾಕ್‌ಡಿಯ ಸಂರಚನೆಗೆ ತಂತಿಯ ಈಥರ್‌ನೆಟ್ ಇಂಟರ್‌ಫೇಸಿನ ಹೆಸರೊಂದನ್ನು ಬರೆದರೆ ಮನೆಯ ಬಳಕೆಗೆ ಸಾಕು. ರೌಟರ್ ಇಲ್ಲದ ಜಾಲದಲ್ಲಿ ಅದು 65280ರಿಂದ 65534ರ ಒಳಗಿನ ಜಾಲಸಂಖ್ಯೆಯೊಂದನ್ನು ಆರಿಸಿಕೊಂಡು, ಆ ವಿಳಾಸ ಬೇರೆ ಯಾರದ್ದಾದರೂ ಇದೆಯೇ ಎಂದು ಎಎಆರ್‌ಪಿ ಮೂಲಕ ವಿಚಾರಿಸಿ ನೆಲೆಸುತ್ತದೆ. ಈ ವಿಚಾರಣೆಗೆ ತುಸು ಹೊತ್ತು ಹಿಡಿಯುತ್ತದೆ, ಕೆಟ್ಟುನಿಂತಿದೆ ಎಂದು ಭಾವಿಸಿ ನಡುವೆ ನಿಲ್ಲಿಸಬೇಡಿ. ವೈಫೈ ಮೂಲಕ ಪ್ರಯತ್ನಿಸುವುದಂತೂ ಬೇಡವೇ ಬೇಡ. ಆಪಲ್‌ಟಾಕ್ ತನ್ನ ಹುಡುಕಾಟವನ್ನೆಲ್ಲ ಮಲ್ಟಿಕಾಸ್ಟ್ (ಒಮ್ಮೆಗೇ ಹಲವರಿಗೆ ಕಳುಹಿಸುವ ಸಂದೇಶ) ಮೂಲಕ ನಡೆಸುವುದರಿಂದ, ಅನೇಕ ವೈಫೈ ಪೆಟ್ಟಿಗೆಗಳು ಅದನ್ನು ಸದ್ದಿಲ್ಲದೆ ನುಂಗಿಬಿಡುತ್ತವೆ.

ಈಗ ಮ್ಯಾಕ್‌ನಲ್ಲಿ ಆಪಲ್‌ಟಾಕ್ ನಿಯಂತ್ರಣ ಫಲಕ ತೆರೆದು ಈಥರ್‌ನೆಟ್ ಆರಿಸಿ, ಲಿನಕ್ಸ್ ಕಡೆಯಿಂದ ಜಾಲದಲ್ಲಿರುವ ಹೆಸರುಗಳನ್ನು ಹುಡುಕುವ 'ಎನ್‌ಬಿಪಿಎಲ್‌ಕಪ್' ಓಡಿಸಿ. ಮ್ಯಾಕ್‌ನ ಹೆಸರು ಪಟ್ಟಿಯಲ್ಲಿ ಬಂದರೆ ಕರ್ನೆಲ್‌ನ ಕೆಲಸ ಮುಗಿಯಿತು. ಬಾರದಿದ್ದರೆ 'ಟಿಸಿಪಿಡಂಪ್'ಗೆ 'ಅಟಾಕ್' ಮತ್ತು 'ಎಎಆರ್‌ಪಿ' ಸೋಸುಗಳನ್ನು ಕೊಟ್ಟು ತಂತಿಯ ಮೇಲೆ ಏನು ಹರಿಯುತ್ತಿದೆ ನೋಡಿ. ಮ್ಯಾಕ್‌ನ ಪ್ಯಾಕೆಟ್ ಕಂಡೂ ಉತ್ತರ ಹೋಗದಿದ್ದರೆ ದೋಷ ಅಟಾಕ್‌ಡಿಯ ಸಂರಚನೆಯದು. ಪ್ಯಾಕೆಟ್ಟೇ ಕಾಣದಿದ್ದರೆ ಸ್ವಿಚ್ ಅಥವಾ ಕೇಬಲ್ ನೋಡಬೇಕು.

ಫೈಲ್ ಹಂಚಿಕೆಗೆ ನೆಟಾಟಾಕ್ 4ರ ಎಎಫ್‌ಪಿ (ಆಪಲ್‌ನ ಫೈಲ್ ಹಂಚಿಕೆಯ ಪ್ರೋಟೊಕಾಲ್) ಸಂರಚನೆಯಲ್ಲಿ ಆಪಲ್‌ಟಾಕ್ ಆಯ್ಕೆಗೆ 'ಯೆಸ್' ಬರೆದು, ಅಟಾಕ್‌ಡಿ ಎದ್ದ ಬಳಿಕವೇ ಫೈಲ್ ಸರ್ವರನ್ನು ಆರಂಭಿಸಿ. ಹಳೆಯ ಮ್ಯಾಕ್‌ನ ಸಾದಾ ಲಾಗಿನ್‌ಗೆ ಗುಪ್ತಪದ ಎಂಟು ಅಕ್ಷರ ಮೀರಬಾರದು. ಅದು ತಂತಿಯ ಮೇಲೆ ಬಟ್ಟಬಯಲಾಗಿ ಸಾಗುವುದರಿಂದ ಈ ಕೆಲಸಕ್ಕೆಂದೇ ಬೇರೆ ಬಳಕೆದಾರನನ್ನು ಸೃಷ್ಟಿಸಿಕೊಳ್ಳಿ. ಫೈಲ್‌ಗಳನ್ನೆಲ್ಲ ತಂದುಕೊಂಡಾದ ಮೇಲೆ ಮೊದಲು ಫೈಲ್ ಸರ್ವರನ್ನು, ಆಮೇಲೆ ಅಟಾಕ್‌ಡಿಯನ್ನು ನಿಲ್ಲಿಸಿ 'ಸುಡೊ ಮೋಡ್‌ಪ್ರೋಬ್ -ಆರ್ ಆಪಲ್‌ಟಾಕ್' ಎಂದು ಕೊಡಿ. ಸಾಕೆಟ್ ಇನ್ನೂ ತೆರೆದಿದ್ದರೆ ಮಾಡ್ಯೂಲ್ ಬಳಕೆಯಲ್ಲಿದೆ ಎಂದು ಹೇಳಿ ಕರ್ನೆಲ್ ಅದನ್ನು ಬಿಟ್ಟುಕೊಡುವುದಿಲ್ಲ.