ಕೈ ತೊಳೆಯೋಕೆ ಪೆಟ್ರೋಲ್ ಬೇಡ, ಶೇಂಗಾ ಎಣ್ಣೆ ಸಾಕು

ಬಳ್ಳಾರಿಯ ಯಾವುದೇ ಲಾರಿ ಗ್ಯಾರೇಜಿನ ಮುಂದೆ ಸಂಜೆ ಹೊತ್ತು ನಿಂತು ನೋಡಿ. ಅರ್ಧಕ್ಕೆ ಕತ್ತರಿಸಿದ ನೀರಿನ ಬಾಟಲಿಯಲ್ಲಿ ಒಂದಿಷ್ಟು ಪೆಟ್ರೋಲ್ ಇರುತ್ತದೆ. ಕೆಲಸದ ಹುಡುಗ ಅದರಲ್ಲಿ ಕೈ ಅದ್ದಿ, ಉಜ್ಜಿ, ವೇಸ್ಟ್ ಬಟ್ಟೆಗೆ ಒರೆಸಿಕೊಳ್ಳುತ್ತಾನೆ. ಗ್ರೀಸ್ ಹೋಯಿತು. ಎರಡು ನಿಮಿಷ ಬಿಟ್ಟು ನೋಡಿದರೆ ಆ ಕೈ ಬೂದಿ ಬಳಿದ ಹಾಗೆ ಬೆಳ್ಳಗಾಗಿರುತ್ತದೆ. ಗ್ರೀಸಿನ ಜೊತೆ ಚರ್ಮದ ಸ್ವಂತ ಜಿಡ್ಡೂ ಹೋಗಿಬಿಟ್ಟಿರುತ್ತದೆ.

ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಮೂರೂ ಜಿಡ್ಡು ಕರಗಿಸುತ್ತವೆ. ಒಂದು ದಿನ ತಾಗಿದರೆ ಬಹುಪಾಲು ಏನೂ ಆಗದು. ದಿನಾ ತಾಗಿದರೆ ಚರ್ಮ ಒಣಗಿ, ಒಡೆದು, ಕೆಂಪಾಗಿ ತುರಿಸುತ್ತದೆ. ಒಡೆದ ಜಾಗದಿಂದ ಇಂಧನ ಇನ್ನೂ ಸುಲಭವಾಗಿ ಒಳಗಿಳಿಯುತ್ತದೆ. ಪೆಟ್ರೋಲಿನಲ್ಲಿ ಬೆಂಜೀನ್ ಇದೆ. ಈಗಿನ ಮಾಲಿನ್ಯ ನಿಯಮಕ್ಕೆ ತಕ್ಕ ಬಿಎಸ್-6 ಪೆಟ್ರೋಲಿನಲ್ಲೂ ಶೇ 1ರವರೆಗೆ ಇರಬಹುದು. ರಕ್ತದ ಕ್ಯಾನ್ಸರ್ ತರಬಲ್ಲ ವಸ್ತು ಅದು. ಹೆಚ್ಚಾಗಿ ಉಸಿರಿನಿಂದ, ಸ್ವಲ್ಪ ಚರ್ಮದಿಂದ ಒಳಗೆ ಹೋಗುತ್ತದೆ. ಬಾಟಲಿ ಮೇಲೆ ಬಗ್ಗಿ ಕೈ ತೊಳೆಯುವಾಗ ಎರಡೂ ಒಟ್ಟಿಗೇ ಆಗುತ್ತವೆ, ಅಲ್ವಾ?

ಹಾಗಾದರೆ ಗ್ರೀಸ್ ತೆಗೆಯುವುದು ಹೇಗೆ? ಒಂದು ಚಮಚ ಶೇಂಗಾ ಎಣ್ಣೆ ಅಥವಾ ಕೊಬ್ಬರಿ ಎಣ್ಣೆಯನ್ನು ಒಣ ಕೈಗೇ ಹಾಕಿಕೊಳ್ಳಿ. ನೀರು ಮುಟ್ಟಬೇಡಿ. ಬೆರಳ ಸಂದಿ, ಉಗುರಿನ ಬುಡಕ್ಕೆ ಹತ್ತುವಂತೆ ಎರಡು ನಿಮಿಷ ತಿಕ್ಕಿ. ಗ್ರೀಸ್ ಸಡಿಲವಾಗಿ ಎಣ್ಣೆ ಕಪ್ಪಗಾಗುತ್ತದೆ. ಶುದ್ಧ ಬಟ್ಟೆಯಿಂದ ಒರೆಸಿ, ಆಮೇಲೆ ಮೈಸೋಪು ಹಚ್ಚಿ ತೊಳೆಯಿರಿ. ಬಟ್ಟೆ ಒಗೆಯುವ ಪುಡಿ, ಮರಳು, ಮರದ ಹೊಟ್ಟು ಬೇಡ. ಅವು ಚರ್ಮ ಕೆರೆದು ಬಿರುಕು ಜಾಸ್ತಿ ಮಾಡುತ್ತವೆ. ಉಗುರಿನಲ್ಲಿ ಸ್ವಲ್ಪ ಕಪ್ಪು ಉಳಿದರೆ ಉಳಿಯಲಿ ಬಿಡಿ, ಎರಡನೇ ಸಲಕ್ಕೆ ಹೋಗುತ್ತದೆ.

ಕೆಲಸದ ಹೊತ್ತಿನಲ್ಲಿ ನೈಟ್ರೈಲ್ (ಪೆಟ್ರೋಲಿಗೆ ಬೇಗ ಹಾಳಾಗದ ಕೃತಕ ರಬ್ಬರ್) ಗ್ಲೌಸ್ ಹಾಕಿ. ಸಾದಾ ರಬ್ಬರ್ ಗ್ಲೌಸ್ ಪೆಟ್ರೋಲಿಗೆ ಉಬ್ಬಿ ಹಾಳಾಗುತ್ತದೆ. ಹರಿದರೆ ತಕ್ಷಣ ಬಿಸಾಡಿ. ಒಳಗೆ ಡೀಸೆಲ್ ಸೇರಿದ ಗ್ಲೌಸ್ ಬರಿಗೈಗಿಂತ ಕೆಟ್ಟದ್ದು. ತಿರುಗುವ ಬೆಲ್ಟ್, ಫ್ಯಾನ್ ಹತ್ತಿರ ಮಾತ್ರ ಗ್ಲೌಸ್ ಬೇಡ, ಸಿಕ್ಕಿಹಾಕಿಕೊಳ್ಳುತ್ತದೆ.

ಒದ್ದೆ ವೇಸ್ಟ್ ಬಟ್ಟೆಯನ್ನು ಪ್ಯಾಂಟಿನ ಜೇಬಿಗೆ ತುರುಕುವ ಅಭ್ಯಾಸ ಎಲ್ಲ ಕಡೆ ಇದೆ. ತೊಡೆಯ ಮೇಲೆ ಕಪ್ಪು ತಲೆಯ ಗುಳ್ಳೆ ಏಳುವುದು ಅದರಿಂದಲೇ. ಡೀಸೆಲ್ ಚೆಲ್ಲಿದ ಪ್ಯಾಂಟನ್ನು ಸಂಜೆವರೆಗೂ ಹಾಕಿಕೊಂಡಿದ್ದರೆ ಚರ್ಮ ಸುಟ್ಟು ಬೊಕ್ಕೆ ಬರಬಹುದು. ನಮ್ಮ ರಾಯಚೂರು, ಬಳ್ಳಾರಿ ಬಿಸಿಲಿಗೆ ಬೆವರೂ ಸೇರಿ ಇನ್ನಷ್ಟು ಉರಿಯುತ್ತದೆ. ಅದಕ್ಕೇ ಗ್ಯಾರೇಜಿನಲ್ಲಿ ಒಂದು ಜೊತೆ ಹಳೇ ಬಟ್ಟೆ ಇಟ್ಟಿರಿ. ಚೆಲ್ಲಿದ ಕೂಡಲೇ ಬಿಚ್ಚಿ, ಸೋಪು ನೀರಿನಲ್ಲಿ ಮೈ ತೊಳೆಯಿರಿ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಯಾರೂ ಬೀಡಿ ಹಚ್ಚಬಾರದು. ಆ ಬಟ್ಟೆಯನ್ನು ಮಕ್ಕಳ ಬಟ್ಟೆ ಜೊತೆ ನೆನೆಸಬೇಡಿ.

ಮನೆಯವರಿಗೂ ಒಂದು ಮಾತು: ಹೇನಿಗೆ, ಗಾಯಕ್ಕೆ ಸೀಮೆಎಣ್ಣೆ ಹಚ್ಚುವುದನ್ನು ದಯವಿಟ್ಟು ನಿಲ್ಲಿಸಿ.

ರಾತ್ರಿ ಮಲಗುವಾಗ ಕೈಗೆ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚಿ.

ಇಂಜಿನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಟೆಸ್ಟ್ ಮಾಡುವಾಗ ಅದರ ನಾಜಲ್ (ಚಿಮ್ಮುವ ತುದಿ) ಮುಂದೆ ಬೆರಳು ಒಡ್ಡಲೇಬೇಡಿ. ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಸೂಜಿ ಚುಚ್ಚಿದಷ್ಟೇ ಗುರುತು, ನೋವೂ ಮೊದಲಿಗೆ ಕಡಿಮೆ. ಆದರೆ ಬೆರಳೇ ಹೋಗಬಹುದು. ಕಾಯದೆ ಆಗಲೇ ಆಪರೇಷನ್ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ.

ಬಿರುಕು, ತುರಿಕೆ ಎರಡು ವಾರವಾದರೂ ಹೋಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ರಜೆಯಲ್ಲಿ ಕಡಿಮೆಯಾಗಿ, ಕೆಲಸಕ್ಕೆ ಬಂದ ಮೇಲೆ ಮತ್ತೆ ಶುರುವಾಗುತ್ತದೆಯಾ ಎಂದು ಗಮನಿಸಿಕೊಂಡು ಹೋಗಿ. ಏನು ಕೆಲಸ ಮಾಡುತ್ತೀರಿ, ಕೈ ಯಾವುದರಲ್ಲಿ ತೊಳೆಯುತ್ತೀರಿ ಎಂಬುದನ್ನು ಅವರು ಕೇಳದಿದ್ದರೂ ನೀವಾಗಿಯೇ ಹೇಳಿ.