ಹಿರಿಯರ ಹುಟ್ಟಿದ ವರ್ಷ ಗೊತ್ತಿಲ್ವಾ? ಸಂವತ್ಸರದ ಹೆಸರು ಹುಡುಕಿ

ಅಜ್ಜ-ಮುತ್ತಜ್ಜಿಯರ ಹುಟ್ಟಿದ ವರ್ಷ ಸಿಗದಿದ್ದರೆ ಮನೆಯ ಹಿರಿಯರನ್ನು ಇಸವಿ ಕೇಳಬೇಡಿ, ಸಂವತ್ಸರ ಮತ್ತು ಮಾಸ ಕೇಳಿ. ಹಳೇ ಜಾತಕದಲ್ಲೂ ಇದು ಇರುತ್ತದೆ. ಸಂವತ್ಸರದ ಹೆಸರುಗಳು ಒಟ್ಟು 60, ಹಾಗಾಗಿ ಒಂದು ಹೆಸರು ಮತ್ತೆ ಬರುವುದು 60 ವರ್ಷಕ್ಕೆ. ರಕ್ತಾಕ್ಷಿ ಅಂದರೆ 1864, 1924 ಅಥವಾ 1984ರ ಯುಗಾದಿಯಿಂದ ಶುರುವಾದ ವರ್ಷ. ಅವರ ದೊಡ್ಡ ಮಗು 1948ರಲ್ಲಿ ಹುಟ್ಟಿದ್ದರೆ 1924 ಬಿಟ್ಟು ಬೇರೆ ಹೊಂದುವುದಿಲ್ಲ, ಅಲ್ವಾ? ಇಲ್ಲೊಂದು ಎಚ್ಚರಿಕೆ ಬೇಕು. ವರ್ಷ ಯುಗಾದಿಗೆ ಬದಲಾಗುವುದರಿಂದ ಮಾಘ, ಫಾಲ್ಗುಣದಲ್ಲಿ ಹುಟ್ಟಿದವರಿಗೆ ಇಸವಿ ಒಂದು ಜಾಸ್ತಿ ಆಗುತ್ತದೆ. ರಕ್ತಾಕ್ಷಿ ಮಾಘ ಅಂದರೆ 1925ರ ಜನವರಿ ಕೊನೆಯಿಂದ ಫೆಬ್ರವರಿ ತನಕ. ಪುಷ್ಯ ಮಾಸವಾದರೆ ಡಿಸೆಂಬರೋ ಜನವರಿಯೋ ಅಂತ ತಿಥಿ ನೋಡಿಯೇ ಹೇಳಬೇಕು. ತಿಥಿ, ವಾರ ಎರಡೂ ಸಿಕ್ಕರೆ ಆ ವರ್ಷದ ಪಂಚಾಂಗ ತೆಗೆದು ತಾರೀಖನ್ನೇ ಹಿಡಿಯಬಹುದು. ಶ್ರಾದ್ಧದ ತಿಥಿ ಮಾತ್ರ ಇದಕ್ಕೆ ಬಳಸಬೇಡಿ, ಅದು ತೀರಿಕೊಂಡ ದಿನದ್ದು. ಈ ಲೆಕ್ಕ ಎಲ್ಲ ಕಡೆಯೂ ನಡೆಯುವುದಿಲ್ಲ. ಉತ್ತರ ಭಾರತದಲ್ಲಿ ಬರೆಸಿದ ಜಾತಕದಲ್ಲಿ ಅದೇ ವರ್ಷಕ್ಕೆ ಬೇರೆ ಸಂವತ್ಸರದ ಹೆಸರಿರುತ್ತದೆ. ತುಳುನಾಡಿನ ಸೌರ ಲೆಕ್ಕದಲ್ಲಿ ವರ್ಷ ಶುರುವಾಗುವುದು ಬಿಸುವಿಗೆ, ಅಂದರೆ ಏಪ್ರಿಲ್ ಮಧ್ಯದ ಹೊಸ ವರ್ಷದ ಹಬ್ಬಕ್ಕೆ. ಜಾತಕ ಬರೆಸುವ ರೂಢಿಯೇ ಇಲ್ಲದ ಮನೆಗಳಲ್ಲಿ 1918ರ ಇನ್‌ಫ್ಲುಯೆಂಜಾ, 1924ರ ಕಾವೇರಿ ಪ್ರವಾಹದಂಥ ಘಟನೆ ಹಿಡಿದು "ಆಗ ಅವರು ಹುಟ್ಟಿದ್ದರಾ, ನಡೆಯುತ್ತಿದ್ದರಾ?" ಅಂತ ಕೇಳಿ. ಶಾಲೆ ದಾಖಲೆಯಲ್ಲಿ ಜೂನ್ 1 ಅಂತಿದ್ದರೆ ಸುಮ್ನೆ ನಂಬಬೇಡಿ. ಶಾಲೆಗೆ ಸೇರಿಸುವಾಗ ವಯಸ್ಸು ಹೊಂದಿಸಿ ಬರೆಸಿದ್ದೇ ಜಾಸ್ತಿ.